ಡ್ರೈವರ್ ನೀರು ಕುಡಿದ ಮೇಲೆ

೨೧ ಮಾರ್ಚ್ ೧೯೫೮, ಇಂಡಿ ರೋಡ್ ಸ್ಟೇಶನ್

ಚಂದ್ರ ಕಂಡ. ಇವತ್ತು ಯುಗಾದಿಯೂ ಹೌದು. ಹಳಿಗೆ ಖಡಿಕಲ್ಲು ಹೊರುವ ಆಳುಗಳು, ಸ್ಟೇಶನ್ನಿನವರು, ನಾವು, ಎಲ್ಲರೂ ಪ್ಲಾಟ್‌ಫಾರ್ಮಿನ ಮೇಲೆ ಪಡುವಣಕ್ಕೆ ಮುಖ ಮಾಡಿ ನಿಂತಿದ್ದೆವು. ಅವರಿಗೆ ಯುಗಾದಿಯ ಚಂದ್ರ, ನಮಗೆ ರಂಜಾನಿನ ಚಂದ್ರ. ಇರುವವನು ಒಬ್ಬನೇ. ಮೊದಲು ಕಂಡವನು ಮಗನ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಪರಸಪ್ಪ. "ಅವ್ವಾರ, ಆ ಬೇವಿನ ಟೊಂಗಿ ಮ್ಯಾಲೆ ನೋಡ್ರಿ, ಉಗುರು ಕತ್ತರಿಸಿ ಒಗದಂಗ ಐತಿ" ಎಂದ. ಕೈ ಎತ್ತಿ ದುವಾ ಮಾಡಿದೆ.

ಸೊಸೆ ಅಬಿದಾ ಹೆರಿಗೆಗೆ ತವರು ದೇವಣಗಾಂವಕ್ಕೆ ಹೋಗಿದ್ದಾಳೆ. ಮಗ ಮೈಬೂಬನಿಗೆ ರೊಟ್ಟಿ ಬಡಿದು ಹಾಕುವವರಿಲ್ಲವೆಂದು ಹೊರ್ತಿಯಿಂದ ನಾನು ಬಂದಿದ್ದೇನೆ. ರೈಲ್ವೆಯವರು ತಗಡಿನ ಮನೆ ಕೊಟ್ಟಿದ್ದಾರೆ. ಹಗಲು ಒಲೆಯೊಳಗೆ ಕೂತಂತೆ. ಮಾತಾಡಲು ಜನ ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ. ಹೊರ್ತಿಯ ಸಾಲೆಯಲ್ಲಿ ಮೂರನೆಯ ಇಯತ್ತೆವರೆಗೆ ಕಲಿತದ್ದು ಹೀಗಾದರೂ ಉಪಯೋಗಕ್ಕೆ ಬರಲಿ.

ಮಗ ಡ್ರೈವರ್ ಆದನೆಂದು ಕೇಳಿದಾಗ ಊರಿಗೆಲ್ಲ ಸಕ್ಕರೆ ಹಂಚಿದ್ದೆ. ಸೊಲ್ಲಾಪುರದ ಗಾಡಿ ಓಡಿಸುತ್ತಾನೆ, ಜನ ಕಿಟಕಿಯಿಂದ ಕೈ ಬೀಸುತ್ತಾರೆ ಎಂದುಕೊಂಡಿದ್ದೆ. ಬಂದು ನೋಡಿದರೆ ಖಡಿ ಗಾಡಿ. ಕಂಪನಿ ಕಾಲದ ತೆಳ್ಳನೆಯ ಹಳಿ ಕಿತ್ತು ದಪ್ಪ ಹಳಿ ಹಾಕುತ್ತಿದ್ದಾರೆ. ಮುಂದೆ ಇದರ ಮೇಲೆ ಉದ್ದುದ್ದ ಗಾಡಿಗಳು ಜೋರಾಗಿ ಓಡಬೇಕಂತೆ. ಆ ಹಳಿಯ ಕೆಳಗೆ ಸುರಿಯುವ ಕಲ್ಲನ್ನು ಇವನು ಒಯ್ಯುತ್ತಾನೆ. ಇಡೀ ದಿನ ಲಚ್ಯಾಣದ ಕಡೆ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ. ಗಾಣದ ಎತ್ತಾದರೂ ಇದಕ್ಕಿಂತ ಹೆಚ್ಚು ನಡೆದೀತು. ಹೊರ್ತಿಯವರಿಗೆ ಇದನ್ನು ಹೇಳುವುದಿಲ್ಲ.

ಊಟದ ಮೇಲೆ ಹರಕೆಯ ಮಾತು ತೆಗೆದೆ. ಅವನು ಡ್ರೈವರ್ ಪರೀಕ್ಷೆಗೆ ಕೂತಾಗ ನಮ್ಮೂರ ದರ್ಗಾದಲ್ಲಿ ಹೊತ್ತದ್ದು: ಪಾಸಾದರೆ, ಡ್ರೈವರ್ ಆದ ಮೊದಲ ರಂಜಾನಿನಲ್ಲಿ ನನ್ನ ಮಗ ಒಂದು ದಿನದ ರೋಜಾ ಉಪವಾಸವನ್ನೂ ತಪ್ಪಿಸುವುದಿಲ್ಲ ಅಂತ.

"ಹರಕಿ ನೀ ಹೊತ್ತಿ, ರೋಜಾ ನಾ ಹಿಡೀಬೇಕಾ?" ಎಂದು ನಕ್ಕ.

"ಹೊಟ್ಟಿ ನಿಂದು, ಇಷ್ಟ ವರ್ಷ ಅದನ್ನ ತುಂಬಿದಾಕಿ ನಾ. ಅಷ್ಟೂ ಹಕ್ಕಿಲ್ಲೇನು?"

"ಐತಿ, ಐತಿ." ಆಮೇಲೆ ನಗಲಿಲ್ಲ. "ಬೆಂಕಿ ಮುಂದ ಭಾಳ ಬೆವರು ಹೋಗ್ತೈತಿ ಅವ್ವಾ. ನೋಡೋಣು."

ನೋಡುವುದೇನಿದೆ ಇದರಲ್ಲಿ? ಹರಕೆ ಎಂದರೆ ಹರಕೆ. ಮುರಿದರೆ ಯಾರ ಹೆಸರಿನಲ್ಲಿ ಹೊತ್ತಿದ್ದೆವೋ ಅವರಿಗೇ ತಟ್ಟುತ್ತದೆ ಎಂದು ಹಿರಿಯರ ಮಾತು.

೨೨ ಮಾರ್ಚ್

ನಸುಕಿನಲ್ಲಿ ಎಬ್ಬಿಸಿ ಸಹರಿ ಮಾಡಿಸಿದೆ. ಜೋಳದ ರೊಟ್ಟಿ, ಮೊಸರು, ಬೆಲ್ಲ. ತಕರಾರಿಲ್ಲದೆ ಉಂಡು ಕೆಲಸಕ್ಕೆ ಹೋದ. ಸಂಜೆ ಬಂದಾಗ ತುಟಿ ಒಡೆದಿತ್ತು, ಕಣ್ಣುಗಳು ಒಳಕ್ಕೆ ಹೋಗಿದ್ದವು. ಪರಸಪ್ಪ ಬಾಗಿಲಿನಿಂದಲೇ ಕೂಗಿದ: "ಅವ್ವಾರ, ಇಂಜಿನ್ನಿಗೆ ಎರಡ ಸಲ ನೀರು ಹಾಕಿದ್ವಿರಿ. ನಿಮ್ಮ ಮಗಗ ಒಮ್ಮಿನೂ ಹಾಕಗೊಡಲಿಲ್ಲ ನೋಡ್ರಿ ಈ ಮನಷ್ಯಾ!"

ಖಜೂರ ಬಾಯಿಗಿಡುವಾಗ ಮೈಬೂಬನ ಕೈ ನಡುಗುತ್ತಿತ್ತು. ಪುಣ್ಯದ ನಡುಕ ಅಂದುಕೊಂಡೆ. ನನ್ನ ಹೊಟ್ಟೆ ತಣ್ಣಗಾಯಿತು.

೨೫ ಮಾರ್ಚ್

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ರೋಜಾ ಬಿಡುವ ಹೊತ್ತಿಗೆ ಖಜೂರದ ತಟ್ಟೆ ಚಾಚಿದೆ. ಕೈ ಹಚ್ಚಲಿಲ್ಲ. "ನಂದು ಇಲ್ಲವ್ವಾ. ಮಧ್ಯಾಹ್ನ ನೀರು ಕುಡದೇನಿ."

"ಜಡ್ಡು ಬಂದಿತ್ತೇನು?"

"ಇಲ್ಲ."

"ಯಾರಾರ ಒತ್ತಾಯ ಮಾಡಿದ್ರೇನು?"

"ಯಾರೂ ಮಾಡಿಲ್ಲ. ನಾನ ತರಿಸಿ ಕುಡದೇನಿ. ಕೆಲಸ ಇದ್ದ ದಿನ ಇನ್ನ ಹಿಡಿಯಂಗಿಲ್ಲ. ಬಿಟ್ಟದ್ದನ್ನೆಲ್ಲ ಚಳಿಗಾಲದಾಗ ರಜಾ ಹಾಕಿ ತೀರಸ್ತೇನಿ. ಪ್ರಯಾಣದಾಗ ಇದ್ದವಗ ಸವಲತ್ತು ಐತಿ ಅಂತ ನೀನ ಹೇಳಿಕೊಟ್ಟಿದ್ದಿಲ್ಲೇನು?"

"ಪ್ರಯಾಣ! ಎಲ್ಲಿಗೆ ಹೋಗ್ತಿಯೋ ನೀ? ಲಚ್ಯಾಣದ ಹಳ್ಳದ ತನಕ ಹೋಗಿ ಹೊಳ್ಳಿ ಬರ್ತಿ, ಎಮ್ಮಿ ನೀರಿಗೆ ಹೋದಂಗ. ಅದು ಪ್ರಯಾಣೇನು?"

ಅವನು ಬೈಸಿಕೊಂಡ. ಏನಾಯಿತೆಂದು ಎಷ್ಟು ಕೇಳಿದರೂ "ಏನಿಲ್ಲ" ಎಂದಷ್ಟೇ ಹೇಳಿದ. ನಾನೊಬ್ಬಳೇ ರೋಜಾ ಬಿಟ್ಟೆ. ನಮಾಜಿನಲ್ಲಿ ಮನಸ್ಸು ನಿಲ್ಲಲಿಲ್ಲ. ಯಾ ಅಲ್ಲಾ, ಅವನು ದಿನವಿಡೀ ಬೆಂಕಿಯ ಜೊತೆ ಇರುವವನು. ಹರಕೆಯ ಸಿಟ್ಟನ್ನು ಅವನ ಮೇಲೆ ತೀರಿಸಬೇಡ.

೨೬ ಮಾರ್ಚ್

ಮಾತಿಲ್ಲ. ಬುತ್ತಿ ಕಟ್ಟಲಿಲ್ಲ. ನಿನ್ನೆಯ ರೊಟ್ಟಿಯನ್ನು ತಾನೇ ಸುತ್ತಿಕೊಂಡು ಹೋದ.

೨೮ ಮಾರ್ಚ್

ಇಂದೂ ಅಷ್ಟೇ.

೩೦ ಮಾರ್ಚ್

ಹೊರ್ತಿಯಿಂದ ಭಾವ ರಸೂಲಸಾಬರು ಬಂದಿದ್ದರು. ಮೈಬೂಬನ ತಂದೆ ತೀರಿಕೊಂಡಾಗ ನಮಗೆ ಅನ್ನ ಹಾಕಿದವರು. ಅವರೆದುರು ನಾನು ಸುಳ್ಳು ಹೇಳುವುದಿಲ್ಲ. ರೋಜಾದ ಸುದ್ದಿ ಕೇಳಿ ಗಡ್ಡ ಹಿಡಿದು ಕೂತುಬಿಟ್ಟರು.

"ಮೂರ ಹಿಡದು ಕೈ ಬಿಟ್ಟನ? ನಮ್ಮ ಹೊಲದಾಗ ರಾಶಿ ಮಾಡೋ ಆಳು ಹಿಡೀತಾರ. ಕುಲುಮಿ ಊದೋರು ಹಿಡೀತಾರ. ಇವಗ ಸರಕಾರಿ ಟೊಪಗಿ ಬಂದ ಕೂಡ್ಲೆ ನೀರಡಿಕಿ ಬಂತೇನು?"

"ಚಳಿಗಾಲದಾಗ ತೀರಸ್ತೇನಿ ಅಂತಾನ್ರಿ ಭಾವಾ."

"ರೋಜಾ ತೀರಸ್ತಾನ. ಹರಕಿ? ಶಮಶಾದ, ನೀ ಅವನ ಹೆಸರಿಲೆ ಹೊತ್ತಿ. ಅದು ಅವನ ಮ್ಯಾಲೇ ಬರ್ತೈತಿ, ಓಡೋ ಇಂಜಿನ್ನಿನ ಮ್ಯಾಲೆ. ಮನ್ಯಾಗ ಹೇಳಿದ್ರ ಕೇಳಂಗಿಲ್ಲ. ಕೆಲಸದ ಜಾಗಾಕ್ಕ ಹೋಗು. ನಾಕ ಮಂದಿ ಮುಂದ ಹೇಳು. ನಾಚಿಕಿ ಬರ್ತೈತಿ."

ರಾತ್ರಿ ಬಂದ ಮಗನಿಗೆ ಭಾವ ಬಂದದ್ದನ್ನು ಹೇಳಲಿಲ್ಲ.

೨ ಏಪ್ರಿಲ್

ಭಾವ ಹೇಳಿದಂತೆಯೇ ಹೊರಟೆ. ಹಳಿಯ ಪಕ್ಕದ ಕಾಲುದಾರಿ. ಬಿಸಿಲಿಗೆ ಹಳಿ ಕತ್ತಿಯಂತೆ ಹೊಳೆಯುತ್ತಿತ್ತು.

ದೂರದಿಂದ ಗಾಡಿ ನಿಂತಿದೆ ಅಂದುಕೊಂಡೆ. ಹತ್ತಿರ ಹೋದರೆ ಇರುವೆಯಂತೆ ನಡೆಯುತ್ತಿದೆ. ಡಬ್ಬಿಗಳ ಮೇಲೆ ಆಳುಗಳು ನಿಂತು ಸಲಿಕೆಯಿಂದ ಖಡಿಯನ್ನು ಎರಡೂ ಬದಿಗೆ ತಳ್ಳುತ್ತಿದ್ದರು. ಕೆಳಗೆ, ಗಾಲಿಯಿಂದ ಮೊಳದಷ್ಟೇ ದೂರದಲ್ಲಿ, ಹೆಣ್ಣಾಳುಗಳು ಬಗ್ಗಿ ಆ ಖಡಿಯನ್ನು ಬುಟ್ಟಿಗೆ ಎಳೆದು ಹರವುತ್ತಿದ್ದರು. ಧೂಳಿನಲ್ಲಿ ಅವರ ಸೀರೆಯ ಬಣ್ಣವೇ ತಿಳಿಯದು. ಕೊನೆಯಲ್ಲಿ ಆಳುಗಳ ಮೇಲ್ವಿಚಾರಕ ಮುಕಾದಮ ಎರಡು ನಿಶಾನೆ ಹಿಡಿದು ನಿಂತಿದ್ದ. ಹಸಿರು ಎತ್ತಿದರೆ ಗಾಡಿ ಒಂದು ಡಬ್ಬಿಯಷ್ಟು ಸರಿಯುತ್ತದೆ. ಕೆಂಪು ಎತ್ತಿದರೆ ಅದೇ ಉಸಿರಿಗೆ ನಿಲ್ಲಬೇಕು.

ಇಂಜಿನ್ನಿನಲ್ಲಿ ನನ್ನ ಮಗ. ಸೊಂಟದ ತನಕ ಹೊರಗೆ ಬಾಗಿ, ಕುತ್ತಿಗೆಯನ್ನು ಹಿಂದಕ್ಕೆ ಹೊರಳಿಸಿ ಆ ನಿಶಾನೆಯನ್ನೇ ನೋಡುತ್ತಿದ್ದ. ಒಂದು ಕೈ ಉಗಿಯ ಹಿಡಿಕೆಯ ಮೇಲೆ, ಇನ್ನೊಂದು ಬ್ರೇಕಿನ ಮೇಲೆ. ಬೆನ್ನಿಗೆ ಬೆಂಕಿ, ಮುಖಕ್ಕೆ ಬಿಸಿಲು. ಕೆನ್ನೆಯ ಮೇಲೆ ನೊಣ ಕೂತಿತು, ಹೊಡೆದುಕೊಳ್ಳಲಿಲ್ಲ. ಅಷ್ಟು ದೊಡ್ಡ ಇಂಜಿನ್ನು, ನಮ್ಮೂರ ಅಗಸಿಬಾಗಿಲಷ್ಟು ಎತ್ತರದ್ದು, ಮಲಗಿದ ಕೂಸನ್ನು ದಾಟುವ ತಾಯಿಯ ಹಾಗೆ ಹೆಜ್ಜೆ ಇಡುತ್ತಿತ್ತು. ಜೋರಾಗಿ ಓಡಿಸುವುದು ದೊಡ್ಡದು ಅಂದುಕೊಂಡಿದ್ದೆ. ಇಷ್ಟು ಮೆಲ್ಲಗೆ ನಡೆಸುವುದನ್ನು ನಾನು ಕಂಡಿರಲಿಲ್ಲ.

ಅವನು ನನ್ನನ್ನು ನೋಡಲಿಲ್ಲ. ಮಾರಿ ತಿರುಗಿಸದ ಮಗನಿಗೆ ಬುದ್ಧಿ ಹೇಗೆ ಹೇಳುವುದು? ಜಾಲಿಯ ನೆರಳಿಗೆ ಕೂತೆ.

ಮಧ್ಯಾಹ್ನ ಆಳುಗಳು ರೊಟ್ಟಿಗೆ ಬಿಟ್ಟರು. ಯಂಕಂಚಿಯ ತಿಪ್ಪವ್ವ ಎಂಬುವಳು ಪಕ್ಕದಲ್ಲಿ ಬಂದು ಕೂತಳು. "ಬೂಬವ್ವಾ, ಡ್ರೈವರಪ್ಪನ ತಾಯೇನ್ರಿ? ಮೂಗು ನೋಡಿದ್ರ ಗೊತ್ತಾಗ್ತೈತಿ. ಹಿಂಗ ಸಿಟ್ಟಿನ್ಯಾಗ ಹುಟ್ಟಿದಂಗ."

ನಗು ಬಂತು, ತಡೆದುಕೊಂಡೆ.

"ನನ್ನ ಬುಟ್ಟಿ ಕಥಿ ಹೇಳ್ಯಾರೇನ್ರಿ ಅವ್ರು?"

"ಯಾವ ಬುಟ್ಟಿ?"

"ಹೇಳಿಲ್ಲೇನ! ಅವತ್ತ ಮಧ್ಯಾಹ್ನ ನನ್ನ ಬುಟ್ಟಿ ಗಾಲಿ ಬುಡಕ ಉರುಳಿತ್ರಿ. ನಾ ಹುಚ್ಚರಂಗ ಅದರ ಹಿಂದ ಕೈ ಹಾಕಿದೆ. ಮುಕಾದಮ ಕೆಂಪ ಎತ್ಯಾನ. ಗಾಡಿ ನಿಂದರವಲ್ದು. ಇವಳು ಗೌರವ್ವ ನನ್ನ ಜಡಿ ಹಿಡದು ಎಳದ್ಲು. ಬುಟ್ಟಿ ಹಪ್ಪಳಾತು. ಆಮ್ಯಾಲೆ ನಿಂತ್ತು."

"ಮತ್ತ ಡ್ರೈವರು?" ಎಂದೆ.

"ಡ್ರೈವರಪ್ಪ ಇಳದು ಓಡಿ ಬಂದ. ಮಾರಿ ಬೂದಿ ಬೂದಿ. 'ಅಕ್ಕಾ, ನಿಶಾನಿ ಕಂಡಿತ್ತು, ಕಣ್ಣಿಗೆ ಕತ್ತಲಿ ಬಂತು, ಕೈ ತಡಾ ಆತು' ಅಂದ. ಸುಳ್ಳು ಹೇಳಬಹುದಿತ್ತಲ್ರಿ, ನಿಂದ ತಪ್ಪು ಅಂತ? ಹೇಳಲಿಲ್ಲ. ನಮ್ಮ ಮಂದಿ ಯಾರೂ ಗಾಡಿ ಹತ್ರ ಹೋಗವಲ್ರು. 'ರೋಜಾ ಇರೋ ಡ್ರೈವರ್ ಕೈಯಾಗ ನಮ್ಮ ಜೀವಾ ಕೊಡಂಗಿಲ್ಲ' ಅಂದ್ರು. ಆವಾಗ ಅವ್ರು ನನ್ನ ಕಡಿಂದನ ನೀರು ತರಿಸಿ, ಎಲ್ಲಾರ ಮುಂದ, ಎಲ್ಲಾರಿಗೂ ಕಾಣಂಗ ಕುಡದ್ರು. ಅಳಾಕತ್ತಿದ್ರೂ ಕುಡದ್ರು."

ರೊಟ್ಟಿ ಮುಗಿದು ಆಳುಗಳು ಎದ್ದರು. ಯಾರೂ ಡಬ್ಬಿ ಹತ್ತಲಿಲ್ಲ, ಇಂಜಿನ್ನಿನ ಕಡೆ ನೋಡುತ್ತ ನಿಂತರು. ತಿಪ್ಪವ್ವ ಚೊಂಬಿನಲ್ಲಿ ನೀರು ಒಯ್ದು ಮೇಲಕ್ಕೆ ಚಾಚಿದಳು. ನನ್ನ ಮಗ ಕುಡಿದ. "ಹಾಂ, ಕುಡದ್ರು, ಹತ್ತ್ರಿನ್ನ!" ಎಂದು ಅವಳು ಕೂಗಿದ ಮೇಲೆಯೇ ಗಂಡಾಳುಗಳು ಸಲಿಕೆ ಹಿಡಿದು ಹತ್ತಿದರು, ಹೆಣ್ಣಾಳುಗಳು ಗಾಲಿಯ ಪಕ್ಕ ಬಗ್ಗಿದರು. ದಿನಾ ಹೀಗೇ ಅಂತೆ. ಡ್ರೈವರ್ ನೀರು ಕುಡಿಯದೆ ಕೆಲಸ ಶುರುವಾಗುವುದಿಲ್ಲ.

ಅವನು ಕುಡಿಯುವಾಗ ನಾನು ಮುಖ ಆಚೆ ತಿರುಗಿಸಿದೆ. ರಂಜಾನಿನ ನಡುಹಗಲು, ಐವತ್ತು ಜನರೆದುರು. ನೋಡಲಾಗಲಿಲ್ಲ. ಏನೂ ಹೇಳದೆ ಮನೆಗೆ ಬಂದೆ.

೩ ಏಪ್ರಿಲ್

ಬುತ್ತಿ ಕಟ್ಟಿದೆ. ಅನ್ನ ಕೆಡಬಾರದಲ್ಲ, ಅದಕ್ಕೆ.

೭ ಏಪ್ರಿಲ್

ನನ್ನ ಸಿಟ್ಟು ಇಳಿದಿಲ್ಲ. ಅದು ಬೇರೆ ಮಾತು. ಕುತ್ತಿಗೆ ಹಿಡಿದುಕೊಂಡಿದೆ ಎಂದು ಮಗ ಮಲಗಲಾರದೆ ಹೊರಳುತ್ತಿದ್ದ. ಕುಸುಬೆ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಎಡಗಡೆ ನರ ಹಗ್ಗದಂತೆ ಗಟ್ಟಿ. ದಿನವಿಡೀ ಹಿಂದಕ್ಕೆ ನೋಡಿದರೆ ಆಗದೆ ಏನು? ಎತ್ತಿಗೆ ನೊಗದ ಗುರುತು, ಇವನಿಗೆ ನಿಶಾನೆಯ ಗುರುತು.

"ನೀ ಅವತ್ತ ಬಂದಿದ್ದಿಯಂತ? ತಿಪ್ಪಕ್ಕ ಹೇಳಿದ್ಲು" ಎಂದ.

"ಬಂದಿದ್ದೆ. ನೀ ಮಾರಿ ತಿರುವಲಿಲ್ಲ."

"ತಿರುವಿದ್ರ ನೀನ ಬೈತಿದ್ದಿ."

ಹೌದು, ಬೈಯುತ್ತಿದ್ದೆ.

ಇವತ್ತು ತಗ್ಗಿನ ತಿರುವಿನ ತನಕ ಖಡಿ ಹಾಕಿ ಮುಗಿಸಿದೆವು. ಪರಸಪ್ಪ ಹೇಳುವ ಪ್ರಕಾರ ಇದು ಕಷ್ಟದ ಜಾಗ. ತಿರುವಿನಲ್ಲಿ ನಿಶಾನೆ ಕಾಣುವುದಿಲ್ಲ, ನಡುವೆ ಇನ್ನೊಬ್ಬ ನಿಂತು ತೋರಿಸಬೇಕು, ಅದನ್ನು ಕಂಡು ನಿಲ್ಲಿಸಬೇಕು. "ಅವ್ವಾರ, ಭಾಳ ಮಂದಿ ಡ್ರೈವರ್ ಕೂಡ ಕಲ್ಲಿದ್ದಲು ಹಾಕೇನ್ರಿ. ಓಡಸವ್ರು ಸಿಕ್ಕಾಪಟ್ಟಿ ಅದಾರ. ನಿಲ್ಲಸವ್ರು ಇಂವ ಒಬ್ಬ" ಎಂದ. ಅವನಿಗೆ ಒಂದು ರೊಟ್ಟಿ ಹೆಚ್ಚು ಹಾಕಿದೆ.

೧೧ ಏಪ್ರಿಲ್

ಬಾವಿಯಿಂದ ಬರುವಾಗ ಕಣ್ಣಿಗೆ ಕತ್ತಲೆ ಬಂದು ಕೊಡ ಕೈಜಾರಿತು. ಎದ್ದು ಕೂತಾಗ ನೀರೆಲ್ಲ ಮಣ್ಣಿಗೆ ಹೋಗಿತ್ತು, ಕೊಡ ನಗ್ಗಿತ್ತು. ರೋಜಾ ಮುರಿಯಲಿಲ್ಲ, ಸಂಜೆಯ ತನಕ ತಡೆದೆ. ಕೊಡ ತಾನೇ, ಹೋದರೆ ಹೋಗಲಿ. ನನ್ನ ಕೈಕೆಳಗೆ ಯಾರೂ ಬಗ್ಗಿ ಕೂತಿರಲಿಲ್ಲ.

೧೪ ಏಪ್ರಿಲ್

ದೇವಣಗಾಂವದಿಂದ ಹೇಳಿಕಳಿಸಿದ್ದಾರೆ, ಅಬಿದಾ ಆರಾಮ ಇದ್ದಾಳೆ, ದಿನ ತುಂಬಿಲ್ಲ. ಅಲ್ಹಮದುಲಿಲ್ಲಾ.

ಸಂಜೆ ಬಿಜಾಪುರದ ಪ್ಯಾಸೆಂಜರು ಹಾದುಹೋಯಿತು. ನಾವು ಖಡಿ ಹಾಕಿದ ಕಡೆ ಅದು ಇನ್ನೂ ಮೆಲ್ಲಗೆ ಹೋಗಬೇಕು, ಜೋರಿಗೆ ಅಪ್ಪಣೆಯಿಲ್ಲ. ಒಳಗಿನವರು "ಏನಪಾ, ಕುಂಟ ಎತ್ತು ಕಟ್ಟೀರೇನು?" ಎಂದು ಕೂಗಿದರು. ನನಗೆ ರೇಗಿತು. ಕೆಳಗೆ ಯಾರ ಬೆವರು ಬಿದ್ದಿದೆ ಎಂದು ಇವರಿಗೇನು ಗೊತ್ತು?

೧೭ ಏಪ್ರಿಲ್

ಎರಡು ಸುದ್ದಿ.

ಒಂದು: ಹೊಸ ಹಳಿಯ ಮೇಲೆ ತುಂಬಿದ ಗಾಡಿಯನ್ನು ಪೂರ್ತಿ ಜೋರಿನಲ್ಲಿ ಓಡಿಸಿ ನೋಡುತ್ತಾರಂತೆ, ನಾಡಿದ್ದು. ಹಳಿ ತಡೆದರೆ ಎಲ್ಲ ಗಾಡಿಗಳಿಗೂ ಅಪ್ಪಣೆ ಸಿಗುತ್ತದೆ. ಓಡಿಸುವವನು ಮೈಬೂಬ. ಮುಕಾದಮ, ಪರಸಪ್ಪ ಎಲ್ಲ ಅವನ ಹೆಸರೇ ಹೇಳಿದರಂತೆ: ಇವನು ಹಾಕಿದ ಖಡಿ, ಇವನೇ ತುಳಿಯಲಿ.

ಎರಡು: ರಸೂಲಸಾಬ ಭಾವ ಬಂದರು. ಈ ಸುದ್ದಿ ಕೇಳಿ ಎದ್ದು ನಿಂತರು.

"ಮುರದ ಹರಕಿ ಬೆನ್ನಿಗೆ ಕಟ್ಟಿಕೊಂಡು ಹೊಸಾ ಹಳಿ ಮ್ಯಾಲೆ ಓಡಿಸ್ತಾನ? ನಾಡಿದ್ದಾರ ಹಿಡಸು ಶಮಶಾದ. ಒಂದ ರೋಜಾ. ಕೊನೀಗೆ ಹಿಡದಾ ಅಂತ ಆಗ್ಲಿ. ನಾ ಅವನ ದುಶ್ಮನ್ ಅಲ್ಲ. ಅವನ್ನ ನನ್ನ ತೊಡಿ ಮ್ಯಾಲೆ ಬೆಳಸೇನಿ."

ಅವರ ಕಣ್ಣಲ್ಲಿ ನೀರಿತ್ತು. ಹೆದರಿಕೆ ಅವರಿಗೂ ಇದೆ, ನನಗೂ ಇದೆ.

ಮಗನಿಗೆ ಹೇಳಿದೆ, ನಾಡಿದ್ದು ಒಂದು ದಿನ ಹಿಡಿ ಎಂದೆ. ಅವನೆಂದ: "ಹಿಡಿ ಅಂತ ನೀ ಆಣಿ ಹಾಕಿದ್ರ ಹಿಡೀತೇನಿ. ಆದ್ರ ಗಾಡಿ ಓಡಸಂಗಿಲ್ಲ. ಬ್ಯಾರೆದವ್ರು ಓಡಸಲಿ ಅಂತ ಹೇಳ್ತೇನಿ. ಎರಡೂ ಕೂಡಿ ಮಾಡಂಗಿಲ್ಲವ್ವಾ, ಒಮ್ಮೆ ಮಾಡಿ ನೋಡೇನಿ."

ಆಣೆ ಹಾಕಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

೧೮ ಏಪ್ರಿಲ್

ಜಾನಮಾಜಿನ ಚಾಪೆಯ ಮೇಲೆ ಕೂತವಳು ಏಳಲಿಲ್ಲ. ರೋಜಾ ಹಿಡಿದು ಓಡಿಸಿದರೆ ಕೈ ತಡವಾಗುತ್ತದೆ. ನೀರು ಕುಡಿದು ಓಡಿಸಿದರೆ ಹರಕೆ ತಟ್ಟುತ್ತದೆ. ಓಡಿಸದಿದ್ದರೆ ಅವನು ಬೆವರು ಸುರಿಸಿ ಕಟ್ಟಿದ್ದನ್ನು ಬೇರೆಯವರು ತುಳಿಯುತ್ತಾರೆ, ಆ ಮುಖ ನನಗೆ ನೋಡಲಾಗದು. ಮೂರೂ ಕಡೆ ಬೇಲಿ.

ಇಳಿಹೊತ್ತಿನ ಅಸರ್ ನಮಾಜಿಗೆ ಒಂದು ದಾರಿ ಹೊಳೆಯಿತು. ಮಾಲಿಕ ನೀನು, ತಿಳಿದವನು ನೀನು.

ಮಗನಿಗೆ "ನಾಳಿ ಓಡಸು" ಎಂದಷ್ಟೇ ಹೇಳಿದೆ.

೧೯ ಏಪ್ರಿಲ್

ಸಹರಿ ಮಾಡಿ ರೋಜಾ ಹಿಡಿದು ಅವನ ಹಿಂದೆಯೇ ಹೋದೆ. ಗಾಡಿ ಖಡಿ ತುಂಬಿಕೊಂಡು ಉಸಿರಾಡುತ್ತಿತ್ತು. ಆಳುಗಳೆಲ್ಲ ಹಳಿಯುದ್ದಕ್ಕೂ ದೂರದಲ್ಲಿ ನಿಂತಿದ್ದರು. ಇವತ್ತು ಡಬ್ಬಿ ಹತ್ತುವವರು ಯಾರೂ ಇಲ್ಲ, ಆದರೂ ರೂಢಿಯಂತೆ ತಿಪ್ಪವ್ವ ಚೊಂಬು ತುಂಬಿ ತಂದಳು.

"ತಾ ಇಲ್ಲೆ" ಎಂದೆ.

"ಬೂಬವ್ವಾ, ನೀವು ರೋಜಾ ಇದ್ದೀರಿ. ನಿಮ್ಮ ಕೈಲೆ…"

"ತಾ ಅಂದ್ನಲ್ಲ."

ಎರಡೂ ಕೈಯಿಂದ ಚೊಂಬನ್ನು ಮೇಲಕ್ಕೆ ಎತ್ತಿದೆ. ಇಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು. ಮಗ ಬಗ್ಗಿ ನೋಡಿದವನು ಕೈ ಚಾಚಲೇ ಇಲ್ಲ. "ಅವ್ವಾ, ನೀನಾ?"

"ಬಿಸ್ಮಿಲ್ಲಾ ಅನ್ನು, ಕುಡಿ. ನಿನ್ನ ಗಾಡಿ ತಡಾ ಆಗ್ತೈತಿ."

ಕುಡಿದ. ಈ ಸಲ ನಾನು ಮುಖ ತಿರುಗಿಸಲಿಲ್ಲ. ಗಂಟಲಲ್ಲಿ ನೀರು ಇಳಿಯುವುದನ್ನು ಕೊನೆಯ ಗುಟುಕಿನ ತನಕ ನೋಡಿದೆ. ಪರಸಪ್ಪ ಬೆಂಕಿಗೆ ಕಲ್ಲಿದ್ದಲು ಎಸೆದ. ಸೀಟಿ ಹೊಡೆಯಿತು.

ಯಾ ಅಲ್ಲಾ, ಆ ಓಟ! ಇಷ್ಟು ದಿನ ತೆವಳುತ್ತಿದ್ದ ಅದೇ ಇಂಜಿನ್ನು. ಹೊಗೆ ಹಿಂದಕ್ಕೆ ಮಲಗಿತು. ನೆಲ ನನ್ನ ಅಂಗಾಲಿನಿಂದ ಮೊಣಕಾಲಿನ ತನಕ ನಡುಗಿತು. ತಗ್ಗಿನ ತಿರುವಿನಲ್ಲಿ ಡಬ್ಬಿಗಳು ಒಂದರ ಹಿಂದೆ ಒಂದು ಹೀಗೆ ಬಾಗಿ ಹೋದವು, ಬಳೆ ತೊಡಿಸಿದಷ್ಟು ನಯವಾಗಿ. ಅವನ ತಲೆ ಇವತ್ತು ಹಿಂದಕ್ಕೆ ಹೊರಳಿರಲಿಲ್ಲ, ಮುಂದಕ್ಕೆ ನೋಡುತ್ತಿತ್ತು. ಆಳುಗಳು ಕೈ ಬೀಸಿ ಕೂಗಿದರು. ನಾನೂ ಕೂಗಿದೆನಂತೆ, ತಿಪ್ಪವ್ವ ಹೇಳಿದಳು.

ಹಾದುಹೋದ ಮೇಲೆ ಮುಕಾದಮ ಓಡಿ ಬಗ್ಗಿ ನೋಡಿ ಬಂದ. "ಕಲ್ಲು ಕದಲಿಲ್ಲ!" ಎಂದ.

೨೧ ಏಪ್ರಿಲ್

ಈದ್. ಮಗನಿಗೆ ಒಂದೇ ದಿನದ ರಜೆ, ಹೊರ್ತಿಗೆ ಹೋಗಲಾಗಲಿಲ್ಲ. ಇಂಡಿಯಲ್ಲಿ ನಮಾಜು ಮುಗಿಸಿ ಬಂದ. ರಸೂಲಸಾಬ ಭಾವ ತಾವೇ ಬಂದರು. ಮೂವರೂ ಕೂತು ಶಿರಖುರ್ಮಾ ಕುಡಿಯುವಾಗ ಅವರು ಕೇಳಿಯೇಬಿಟ್ಟರು.

"ಮೈಬೂಬ, ಅವತ್ತಾರ ಹಿಡದೆಯೇನಪಾ?"

ಅವನು ತಲೆ ತಗ್ಗಿಸಿದ. ಅವನ ಬದಲು ನಾನು ಹೇಳಿದೆ: "ಇಲ್ಲರಿ ಭಾವಾ. ನೀರು ಕುಡದ. ಒಯ್ದು ಕೊಟ್ಟಾಕಿ ನಾ."

"ನೀ? ಹರಕಿ ಹೊತ್ತಾಕಿ ನೀನ, ಮುರಸಿದಾಕೀನೂ ನೀನ?"

"ಹೌದ್ರಿ. ನನ್ನ ಕೈಯಾರೆ."

ಬಟ್ಟಲು ಕೆಳಗಿಟ್ಟರು. "ಹಂಗಾರ ಅದು ಮುರಸಿದ ನಿನ್ನ ತಲಿ ಮ್ಯಾಲೆ ಬರ್ತೈತಿ, ತಿಳಕೊಂಡೀಯೇನು?"

"ಬರ್ಲಿರಿ. ಅವನ್ನ ಬಿಟ್ಟು ನನ್ನ ಮ್ಯಾಲೆ ಬರ್ಲಿ ಅಂತನ ಒಯ್ದೇನಿ."

ಭಾವ ನನ್ನನ್ನೇ ನೋಡಿದರು. ಕೆಳಗಿಟ್ಟ ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡರು. ಮಗ ಎದ್ದು ಹೊರಗೆ ಹೋಗಿ ತಗಡಿಗೆ ಬೆನ್ನು ಕೊಟ್ಟು ನಿಂತ. ನಾನು ಯಾಕೆ ನೀರು ಒಯ್ದೆನೆಂದು ಅವನಿಗೂ ಈಗಲೇ ತಿಳಿದದ್ದು.

ನಾಳೆಯಿಂದ ಹಳ್ಳದ ಆಚೆ ಖಡಿ ಹಾಕಬೇಕಂತೆ, ಅಲ್ಲಿ ಬಾವಿಯಿಲ್ಲ. ತಿಪ್ಪವ್ವ ಒಬ್ಬಳೇ ಅಷ್ಟು ದೂರ ನೀರು ಹೊರಲಾರಳು. ನಸುಕಿನಲ್ಲೇ ಎದ್ದು ಎರಡು ಕೊಡ ತುಂಬಿಡಬೇಕು.